ಕಾಲು ಊರಿದ ಕಡೆ ಬೋರ್ಡು

ಸೈಕಲ್ ಶೇರಿಂಗ್ ಬಳಸುವವರಿಗೆ ದಾರಿ ತೋರಿಸುವ ಬೋರ್ಡು ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ, ಇದೇನು ಒಂದು ತಿಂಗಳ ಕೆಲಸ ಅಂದುಕೊಂಡಿದ್ದೆ. ನಕ್ಷೆ ಹರಡಿಕೊಂಡು ಕೂತೆ. ದೊಡ್ಡ ಸರ್ಕಲ್‌ಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಒಂದೇ ಮಧ್ಯಾಹ್ನದಲ್ಲಿ ಐವತ್ತು ಜಾಗ ಗುರುತಾಯಿತು. ಅದರಲ್ಲಿ ಅರ್ಧಕ್ಕರ್ಧ ತಪ್ಪು ಅಂತ ತಿಳಿಯಲು ಮೂರು ವಾರ ಹಿಡಿಯಿತು.

ತೊಂದರೆ ನನ್ನದೇ. ವರ್ಷಗಟ್ಟಲೆ ಇದೇ ರಸ್ತೆಗಳಲ್ಲಿ ಸೈಕಲ್ ತುಳಿದವನು ನಾನು. ಹೊಸಬರಿಗೆ ಎಲ್ಲಿ ಗೊಂದಲ ಆಗುತ್ತದೆ ಅಂತ ನನಗೆ ಹೇಗೆ ಕಾಣಬೇಕು? ಹಾಗಾಗಿ ಊರಿಗೆ ಬಂದು ಹೆಚ್ಚು ದಿನ ಆಗದ ಆರು ಜನರನ್ನು ಹುಡುಕಿದೆವು. ಒಂದು ಡಾಕ್‌ನಲ್ಲಿ (ಶೇರಿಂಗ್ ಸೈಕಲ್ ಎತ್ತಿಕೊಳ್ಳುವ, ವಾಪಸ್ ಬಿಡುವ ಸ್ಟ್ಯಾಂಡು) ಸೈಕಲ್ ಕೊಟ್ಟು, ತಲುಪಬೇಕಾದ ಜಾಗದ ಹೆಸರು ಹೇಳಿ, ಕಾಗದದ ಮೇಲೆ ದಾರಿ ಒಂದು ಸಲ ತೋರಿಸಿ ಕಳಿಸಿದೆವು. ಫೋನ್ ಜೇಬಿನಲ್ಲೇ ಇರಬೇಕು. ಹಿಂದೆ ಇಪ್ಪತ್ತು ಮೀಟರ್ ದೂರದಲ್ಲಿ ನಾನು.

ಮೊದಲ ದಿನವೇ ಒಂದು ವಿಷಯ ಕಣ್ಣಿಗೆ ಬಿತ್ತು. ದಾರಿ ತಪ್ಪುತ್ತಿದ್ದೇನೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಲು ಹೇಳುತ್ತದೆ. ತುಳಿತ ನಿಧಾನ ಆಗುತ್ತದೆ, ಪೆಡಲ್ ಅರ್ಧಕ್ಕೆ ನಿಲ್ಲುತ್ತದೆ, ಆಮೇಲೆ ಒಂದು ಕಾಲು ನೆಲಕ್ಕೆ ಬರುತ್ತದೆ. ಆ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಮುಂದೆ ಹೋಗುತ್ತಿದ್ದೆ. ಆರೂ ಜನರದ್ದು ಮುಗಿದ ಮೇಲೆ ನೋಡಿದರೆ, ನಾನು ಕೆಂಪು ಸುತ್ತು ಹಾಕಿದ್ದ ಎಷ್ಟೋ ಸರ್ಕಲ್‌ಗಳಲ್ಲಿ ಗೆರೆಯೇ ಇಲ್ಲ! ಗೆರೆ ಜಾಸ್ತಿ ಬಿದ್ದಿದ್ದು ಬೇರೆ ಕಡೆ. ರಸ್ತೆ ಸದ್ದಿಲ್ಲದೆ ಎರಡಾಗುವ ಕವಲಿನಲ್ಲಿ. ಸೈಕಲ್ ಲೇನ್ ಇದ್ದಕ್ಕಿದ್ದಂತೆ ಮುಗಿಯುವಲ್ಲಿ. ಮತ್ತೆ, ಉದ್ದನೆಯ ನೇರ ರಸ್ತೆಯ ನಟ್ಟನಡುವೆ. ತಿರುವೇ ಇಲ್ಲದ ಕಡೆ ಯಾಕೆ ನಿಂತಿರಿ ಅಂತ ಒಬ್ಬರನ್ನು ಕೇಳಿದೆ. "ಬಹಳ ಹೊತ್ತಾಯ್ತಲ್ಲ ಸಾರ್, ದಾಟಿ ಬಂದುಬಿಟ್ಟೆನಾ ಅನ್ನಿಸ್ತು" ಅಂದರು.

ಅಂದರೆ ಬೇಕಾಗಿದ್ದು ಮೂರು ಥರದ ಬೋರ್ಡು. ಯಾವ ಕಡೆ ಯಾವ ಜಾಗ ಅಂತ ಹೇಳುವುದು ಒಂದು. ಇಲ್ಲಿ ತಿರುಗಿ ಅನ್ನುವುದು ಇನ್ನೊಂದು. ಸರಿಯಾದ ದಾರಿಯಲ್ಲೇ ಇದ್ದೀರಿ, ಹೋಗ್ತಾ ಇರಿ ಅಂತ ಧೈರ್ಯ ಕೊಡುವುದು ಮೂರನೆಯದು. ಈ ಮೂರನೆಯದು ತೀರಾ ಸಣ್ಣದು, ಖರ್ಚೂ ಕಡಿಮೆ. ಮೊದಲ ಪಟ್ಟಿಯಲ್ಲಿ ನಾನು ಅದನ್ನು ಒಂದೂ ಹಾಕಿರಲಿಲ್ಲ.

ಜಾಗದ ಹೆಸರಿನ ಬದಲು ನಂಬರ್ ಹಾಕಿದರೆ ಸಾಲದೇ ಅನ್ನುವ ಮಾತೂ ಬಂತು. ಬೆಲ್ಜಿಯಂನ ಲಿಂಬರ್ಗ್‌ನಲ್ಲಿ 1995ರಿಂದ ಹಾಗೇ ನಡೆಯುತ್ತಿದೆ. ಅದರ ಹಿಂದೆ ಇದ್ದವರು ಹ್ಯೂಗೋ ಬೊಲೆನ್ ಅನ್ನುವ ಗಣಿ ಎಂಜಿನಿಯರ್. ಕವಲಿಗೊಂದು ನಂಬರ್, ಸವಾರರು ನಂಬರ್‌ಗಳನ್ನು ಸಾಲಾಗಿ ಚೀಟಿಯಲ್ಲಿ ಬರೆದುಕೊಂಡು ಹೊರಡುತ್ತಾರೆ. ಅಕ್ಕಪಕ್ಕದ ದೇಶಗಳಿಗೂ ಹಬ್ಬಿದ ಒಳ್ಳೆಯ ಪದ್ಧತಿ. ಆದರೆ ಅದು ರಜೆಯ ದಿನ ಸುತ್ತಾಡುವವರಿಗೆ ಸರಿ. ಬಸ್ಸಿಳಿದು ಹತ್ತು ನಿಮಿಷಕ್ಕೆ ಸೈಕಲ್ ಎತ್ತಿಕೊಳ್ಳುವವರು ಚೀಟಿ ಬರೆಯುತ್ತಾ ಕೂರುತ್ತಾರಾ? ನಾವು ಹೆಸರುಗಳನ್ನೇ ಇಟ್ಟುಕೊಂಡೆವು.

ಹೆಸರಿನ ವಿಷಯದಲ್ಲಿ ಒಂದು ನಿಯಮವನ್ನು ಪೆಟ್ಟು ತಿಂದೇ ಕಲಿತೆ. ಒಂದು ಹೆಸರು ಒಂದು ಬೋರ್ಡಿನಲ್ಲಿ ಬಂತು ಅಂದರೆ, ಆ ಜಾಗ ತಲುಪುವವರೆಗೆ ಮುಂದಿನ ಎಲ್ಲ ಬೋರ್ಡಿನಲ್ಲೂ ಬರಲೇಬೇಕು. ನಮ್ಮದರಲ್ಲಿ ರೈಲು ನಿಲ್ದಾಣ ಮೊದಲ ಎರಡು ಬೋರ್ಡಿನಲ್ಲಿತ್ತು. ಮೂರನೆಯದರಲ್ಲಿ ಜಾಗ ಸಾಲಲಿಲ್ಲ ಅಂತ ಕೈಬಿಟ್ಟಿದ್ದೆವು. ಆ ಕವಲಿನಲ್ಲಿ ನಾಲ್ಕು ಜನ ನಿಂತು ಹಿಂದೆ ಮುಂದೆ ನೋಡಿದ್ದನ್ನು ನಾನೇ ಕಂಡೆ. ಅದರ ಬದಲು ಬೋರ್ಡೇ ಇರದಿದ್ದರೆ ವಾಸಿಯಿತ್ತು. ಆಮೇಲೆ ಒಂದು ಬೋರ್ಡಿಗೆ ಮೂರೇ ಹೆಸರು ಅಂತ ಗೆರೆ ಎಳೆದೆವು.

ದೂರ ಬರೆಯಬೇಕೋ ನಿಮಿಷ ಬರೆಯಬೇಕೋ ಅನ್ನುವುದಕ್ಕೆ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಎರಡನ್ನೂ ಹಾಕಿದೆವು. ಸೈಕಲ್ ಅಭ್ಯಾಸ ಇಲ್ಲದವರಿಗೆ 2 ಕಿ.ಮೀ. ಅಂದರೆ ದೂರ ಅನ್ನಿಸುತ್ತದೆ. 10 ನಿಮಿಷ ಅಂದರೆ ಓ, ಅಷ್ಟೇನಾ ಅನ್ನುತ್ತಾರೆ. ನಾನು ಮೊದಲು ನನ್ನ ವೇಗದಲ್ಲೇ ಲೆಕ್ಕ ಹಾಕಿದ್ದೆ. ನಾಲ್ಕು ನಿಮಿಷ ಅಂತ ಬರೆದ ದಾರಿಗೆ ಗುಂಪಿನಲ್ಲಿದ್ದ ಹಿರಿಯರೊಬ್ಬರು ಏಳು ನಿಮಿಷ ತಗೊಂಡರು. "ನಿಮ್ಮ ಬೋರ್ಡು ನನಗೆ ವಯಸ್ಸಾಯ್ತು ಅಂತ ಹೇಳ್ತಾ ಇದೆ" ಅಂತ ನಕ್ಕರು. ಆಮೇಲೆ ಗಂಟೆಗೆ 12 ಕಿ.ಮೀ. ಅಂತ ಹಿಡಿದೆವು. ಕಿಲೋಮೀಟರಿಗೆ ಐದು ನಿಮಿಷ, ಲೆಕ್ಕವೂ ಸುಲಭ. ಬೇಗ ತಲುಪಿದವರಿಗೆ ಅದು ಖುಷಿಯೇ.

ಅಕ್ಷರದ ಅಳತೆಗೂ ವೇಗಕ್ಕೂ ನಂಟಿದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವ ಸೈಕಲ್ ಒಂದು ಸೆಕೆಂಡಿಗೆ ಸುಮಾರು 4 ಮೀಟರ್ ಹೋಗುತ್ತದೆ. ಮೂರು ಸಾಲು ಓದಬೇಕು, ಹಿಂದೆ ನೋಡಬೇಕು, ಕೈ ತೋರಿಸಬೇಕು, ಲೇನ್ ಬದಲಿಸಬೇಕು. ಬೋರ್ಡು ತಿರುವಿನಲ್ಲೇ ಇದ್ದರೆ ಓದಿ ಮುಗಿಯುವಷ್ಟರಲ್ಲಿ ತಿರುವು ದಾಟಿರುತ್ತದೆ. ಅದಕ್ಕೇ ತಿರುವಿಗೆ ಮೊದಲೇ ಹಾಕಬೇಕು. ವಾಹನಗಳ ಸಾಲು ದಾಟಿ ಆಚೆ ತಿರುಗಬೇಕಾದ ಕಡೆ ಇನ್ನೂ ಮುಂಚೆ. ಒತ್ತಕ್ಷರ ಇರುವ ಲಿಪಿಯಾದರೆ ಸಾಲುಗಳ ನಡುವೆ ಜಾಗ ಧಾರಾಳವಾಗಿ ಬಿಡಿ. ನಮ್ಮ ಮೊದಲ ನಮೂನೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ತಾಗಿತ್ತು. ಮೇಜಿನ ಮೇಲೆ ಚೆನ್ನಾಗೇ ಕಂಡಿತ್ತು, ರಸ್ತೆಯಲ್ಲಿ ಓದೋಕೆ ಆಗಲಿಲ್ಲ.

ಲೋಹದ ಬೋರ್ಡು ಮಾಡಿಸುವ ಮುಂಚೆ ಎರಡು ವಾರ ರಟ್ಟಿನ ಬೋರ್ಡುಗಳನ್ನು ಕಂಬಕ್ಕೆ ಕಟ್ಟಿ ನೋಡಿದೆವು. ಇದೊಂದನ್ನು ಯಾರೂ ಬಿಡಬೇಡಿ. ಪ್ರತಿ ಮೂರರಲ್ಲಿ ಒಂದು ಬೋರ್ಡಿನ ಜಾಗ ಬದಲಾಯಿತು. ಒಂದು ಕಡೆ ಮರದ ಕೊಂಬೆ, ಇನ್ನೊಂದು ಕಡೆ ದಿನಾ ಬೆಳಿಗ್ಗೆ ಬಂದು ನಿಲ್ಲುವ ಲಾರಿ.

ಡಾಕ್‌ಗಳನ್ನು 14ರಿಂದ 40ಕ್ಕೆ ಏರಿಸಿದಾಗ ನಿಜವಾದ ತಲೆನೋವು ಶುರುವಾಯಿತು. ಊರ ನಡುವೆ ಡಾಕ್‌ನಿಂದ ಡಾಕ್‌ಗೆ ಸುಮಾರು 300 ಮೀಟರ್ ಇರಲಿ ಅನ್ನುವುದು ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಮಾತು. 2007ರಲ್ಲಿ ಪ್ಯಾರಿಸ್‌ನ ಸೈಕಲ್ ಶೇರಿಂಗ್ ವ್ಯವಸ್ಥೆ ವೆಲಿಬ್ ಶುರುವಾದಾಗಲೂ ಹೆಚ್ಚುಕಡಿಮೆ ಇದೇ ಅಳತೆ. ಆದರೆ ಡಾಕ್‌ಗಳು ಒಂದೇ ಕಡೆ ಇರುವುದಿಲ್ಲ. ಯಾವುದೋ ಕಾಮಗಾರಿ ಬರುತ್ತದೆ, ಡಾಕ್ ಆಚೆ ಬೀದಿಗೆ ಹೋಗುತ್ತದೆ, ಬೋರ್ಡು ಮಾತ್ರ ಹಳೆ ಜಾಗವನ್ನೇ ತೋರಿಸುತ್ತಾ ನಿಂತಿರುತ್ತದೆ. ಅದಕ್ಕೇ ರಸ್ತೆಯ ಬೋರ್ಡುಗಳಿಂದ ಡಾಕ್ ಹೆಸರುಗಳನ್ನು ತೆಗೆದುಹಾಕಿದೆವು. ಮಾರುಕಟ್ಟೆ, ಆಸ್ಪತ್ರೆ, ಕೆರೆ ಎಲ್ಲಿಗೂ ಹೋಗುವುದಿಲ್ಲವಲ್ಲ.

ಡಾಕ್‌ನ ಮಾಹಿತಿ ಬೇಕಾಗಿದ್ದು ಡಾಕ್‌ನಲ್ಲೇ. ಸೈಕಲ್ ಬಿಡಲು ಬಂದವರಿಗೆ ಒಂದು ಜಾಗವೂ ಖಾಲಿ ಇಲ್ಲ ಅಂದರೆ ಏನು ಮಾಡಬೇಕು? ಸಮಯ ಓಡುತ್ತಿರುತ್ತದೆ, ಸಿಟ್ಟು ಬರುತ್ತದೆ. ಈಗ ಪ್ರತಿ ಡಾಕ್‌ನಲ್ಲೂ ಹತ್ತಿರದ ಇನ್ನೆರಡು ಡಾಕ್‌ಗಳ ದಿಕ್ಕು ಮತ್ತು ನಿಮಿಷ ಇರುವ ಪಟ್ಟಿ ಇದೆ. ಕಳಚಿ ಬದಲಿಸಬಹುದಾದ ಪಟ್ಟಿ.

ಅಲ್ಲಿನ ನಕ್ಷೆಯನ್ನೂ ಎರಡು ಸಲ ಅಚ್ಚು ಹಾಕಿಸಬೇಕಾಯಿತು. ಮೊದಲು ಎಲ್ಲ ಕಡೆ ಉತ್ತರ ಮೇಲೆ ಇಟ್ಟಿದ್ದೆವು. ದಕ್ಷಿಣಕ್ಕೆ ಮುಖ ಮಾಡಿ ಓದಬೇಕಾದ ಒಂದು ನಕ್ಷೆಯ ಮುಂದೆ ಒಬ್ಬ ಹೆಂಗಸು ತಲೆ ವಾಲಿಸಿದರು, ಆಮೇಲೆ ನಕ್ಷೆಗೆ ಬೆನ್ನು ಹಾಕಿ ನಿಂತು ಕೈಯಲ್ಲೇ ಎಡ ಬಲ ಲೆಕ್ಕ ಹಾಕಿದರು, ಸೈಕಲ್ ಹತ್ತಿ ಸೀದಾ ಉಲ್ಟಾ ದಿಕ್ಕಿಗೆ ಹೋದರು. ಲಂಡನ್‌ನಲ್ಲಿ ನಡೆದು ಹೋಗುವವರಿಗೆ ದಾರಿ ತೋರಿಸಲು ಬೀದಿಯಲ್ಲಿ ಹಾಕಿರುವ ಲೆಜಿಬಲ್ ಲಂಡನ್ ನಕ್ಷೆಗಳಲ್ಲಿ ನೋಡುವವರ ಎದುರಿಗಿರುವುದೇ ಮೇಲೆ ಇರುತ್ತದೆ. ಅದನ್ನು ಓದಿ ತಿಳಿದಿದ್ದೆ, ಆದರೂ ಖರ್ಚು ಉಳಿಸೋಣ ಅಂತ ಸುಮ್ನೆ ಬಿಟ್ಟಿದ್ದೆ.

ಇನ್ನೊಂದು ಸಣ್ಣ ವಿಷಯ. ದುಂಡನೆಯ ಕಂಬಕ್ಕೆ ಒಂದೇ ಕ್ಲಾಂಪ್ ಹಾಕಿದರೆ ಬೋರ್ಡು ತಿರುಗುತ್ತದೆ. ನಮ್ಮದೊಂದು ತಿರುಗಿ ಒಂದು ವಾರ ಎಲ್ಲರನ್ನೂ ಸಂದಿಯೊಂದರ ಕೊನೆಯ ಗೋಡೆಗೆ ಕಳಿಸಿತು. ಈಗ ಎರಡು ಕ್ಲಾಂಪ್, ಜೊತೆಗೆ ಕಂಬಕ್ಕೇ ತೂತು ಕೊರೆದು ಒಂದು ಬೋಲ್ಟ್.

ಇಷ್ಟಾದರೂ ಹಳೆ ಸೇತುವೆ ಇಳಿದ ತಕ್ಷಣದ ಜಂಕ್ಷನ್‌ನಲ್ಲಿ ಇವತ್ತಿಗೂ ಜನ ಕಾಲು ಊರುತ್ತಾರೆ. ಬೋರ್ಡಿನ ಜಾಗ ಮೂರು ಸಲ ಬದಲಿಸಿದೆ, ಅಕ್ಷರ ದೊಡ್ಡದು ಮಾಡಿದೆ. ಕಳೆದ ವಾರ ಅಲ್ಲೇ ಒಂದು ಗಂಟೆ ನಿಂತು ಅವರ ಮುಖ ನೋಡಿದೆ. ಯಾರೂ ಬೋರ್ಡು ಹುಡುಕುತ್ತಿರಲಿಲ್ಲ. ಎಡದಿಂದ ನುಗ್ಗಿ ಬರುವ ಬಸ್ಸುಗಳನ್ನೇ ನೋಡುತ್ತಿದ್ದರು. ಅಲ್ಲಿಗೆ ಬೇಕಾಗಿದ್ದು ಸಿಗ್ನಲ್. ಅರ್ಜಿ ಬರೆದು ಕೊಟ್ಟಿದ್ದೇನೆ, ಸೀಮೆಸುಣ್ಣದ ಗೆರೆಗಳ ಫೋಟೋ ಲಗತ್ತಿಸಿ.