ಇಂಗ್ಲಿಷ್ ಪೀರಿಯಡ್‌ನಲ್ಲಿ ತಾಳಮದ್ದಳೆ

ಶಿರಸಿ ಸುತ್ತಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮಾಸ್ತರ. ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷ್‌ನಲ್ಲಿ ಶೇಕ್ಸ್‌ಪಿಯರನ 'ಕ್ವಾಲಿಟಿ ಆಫ್ ಮರ್ಸಿ' ಪದ್ಯ ಕಲಿಸಬೇಕು. 'ಮರ್ಚೆಂಟ್ ಆಫ್ ವೆನಿಸ್' ನಾಟಕದ ನಾಲ್ಕನೇ ಅಂಕದಲ್ಲಿ ಪೋರ್ಷಿಯಾ ಗಂಡಸಿನ ವೇಷದ ವಕೀಲಳಾಗಿ ಕೋರ್ಟಿನಲ್ಲಿ, ಸಾಲ ಕೊಟ್ಟ ಶೈಲಾಕನಿಗೆ ದಯೆ ತೋರು ಅಂತ ಆಡುವ ಮಾತು ಅದು. ಸುಮಾರು ವರ್ಷ ಅದನ್ನು ಎಲ್ಲರ ಹಾಗೆಯೇ ಮುಗಿಸಿದೆ. ಓದಿಸುವುದು, ಸಾರಾಂಶ ಬರೆಸುವುದು, ಬಾಯಿಪಾಠ ಮಾಡಿಸುವುದು. ಮಕ್ಕಳು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. 'ಸ್ಟ್ರೇನ್ಡ್' ಅಂದರೇನು ಅಂತ ಕೇಳಿದರೆ ಮಾತ್ರ "ಚಾ ಸೋಸೋದು ಸರ್" ಅನ್ನುತ್ತಿದ್ದರು. ಅಲ್ಲಿ ಅದಕ್ಕೆ ಬಲವಂತ ಅಂತ ಅರ್ಥ.

ಒಂದು ಆಷಾಢದಲ್ಲಿ ದೇವಸ್ಥಾನದಲ್ಲಿ ತಾಳಮದ್ದಳೆ ಇತ್ತು, ವೇಷ ಕುಣಿತ ಇಲ್ಲದೆ ಕೂತು ಬರೀ ಹಾಡು ಮಾತಿನಲ್ಲಿ ನಡೆಸುವ ಯಕ್ಷಗಾನ. ಮಳೆಗಾಲಕ್ಕೆ ಬಯಲಾಟ ನಿಂತ ಮೇಲೆ ನಮ್ಮ ಕಡೆ ಇದೇ ಅಲ್ವಾ. ಅವತ್ತಿನ ಪ್ರಸಂಗ ವಾಲಿವಧೆ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ ಅಂತ ರಾಮನನ್ನು ಮುಕ್ಕಾಲು ಗಂಟೆ ಹಿಡಿದು ಕೇಳಿದ. ರಾಮನ ಭಕ್ತರೇ ತುಂಬಿದ ಸಭೆ, ಆದರೂ ತಲೆದೂಗಿದ್ದು ವಾಲಿಯ ಮಾತಿಗೆ. ಕಂಬಕ್ಕೆ ಒರಗಿ ಕಣ್ಣು ಮಿಟುಕಿಸದೆ ಕೇಳುತ್ತಿದ್ದವರಲ್ಲಿ ನನ್ನ ಕ್ಲಾಸಿನ ಹಿಂದಿನ ಬೆಂಚಿನ ಹುಡುಗನೂ ಒಬ್ಬ. ನನ್ನ ಪಾಠದಲ್ಲಿ ಆಕಳಿಸುವವನು. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಮರುವಾರ ಬೆಂಚುಗಳನ್ನು ಎದುರುಬದುರು ಹಾಕಿಸಿದೆ. ವೇಷ ಬೇಡ, ರಂಗಸಜ್ಜಿಕೆ ಬೇಡ, ಕೂತೇ ಮಾತಾಡಬೇಕು. ಶಾಲೆಗೆ ಇದಕ್ಕಿಂತ ಅಗ್ಗದ ನಾಟಕ ಇಲ್ಲ. ಪದ್ಯವನ್ನು ಐದು ತುಂಡು ಮಾಡಿದೆ. ಒಬ್ಬಳು ಭಾಗವತಳು, ಒಂದೊಂದೇ ತುಂಡು ಗಟ್ಟಿಯಾಗಿ ಓದುತ್ತಾಳೆ. ಒಬ್ಬ ಡೆಸ್ಕಿನ ಮೇಲೆ ಮದ್ದಳೆ ಬಾರಿಸುತ್ತಾನೆ. ಪೋರ್ಷಿಯಾ ಆ ತುಂಡಿನ ಅರ್ಥ ಹೇಳಬೇಕು, ಶೈಲಾಕ್ ಆದವನು ಅದಕ್ಕೆ ಎದುರು ವಾದ ಹೇಳಬೇಕು. ಮೊದಲ ದಿನ ಕನ್ನಡದಲ್ಲಿ, ಮರುದಿನ ಅದೇ ವಾದ ಇಂಗ್ಲಿಷಿನಲ್ಲಿ, ತಪ್ಪಿದರೂ ಪರವಾಗಿಲ್ಲ. ನಿಯಮ ಒಂದೇ. ಪ್ರತಿ ಸಲ ಬಾಯಿ ತೆರೆದಾಗ ಆ ತುಂಡಿನ ಒಂದು ಇಂಗ್ಲಿಷ್ ಶಬ್ದವನ್ನು ಹಿಡಿದುಕೊಂಡೇ ಮಾತಾಡಬೇಕು. ಇದಿಲ್ಲದಿದ್ದರೆ ಬರೀ ಜಗಳವಾಗುತ್ತದೆ. ಮೊದಲ ದಿನ ಆಗಿದ್ದೂ ಅದೇ.

ಕತೆ ಮೊದಲೇ ಹೇಳಿರಬೇಕು. ಗೆಳೆಯ ಬಸ್ಸಾನಿಯೋಗಾಗಿ ಆಂಟೋನಿಯೋ ಶೈಲಾಕನಿಂದ 3000 ಡಕಾಟು ನಾಣ್ಯ ಸಾಲ ತಂದಿದ್ದು, ಮೂರು ತಿಂಗಳ ವಾಯಿದೆ, ತಪ್ಪಿದರೆ ಆಂಟೋನಿಯೋನ ಮೈಯಿಂದ ಒಂದು ಪೌಂಡು ಮಾಂಸ. ಸಾಲ, ವಾಯಿದೆ, ಜಾಮೀನು ಎಲ್ಲ ನಮ್ಮ ಮಕ್ಕಳಿಗೆ ಮನೆಯಲ್ಲೇ ಗೊತ್ತಿರುವ ವಿಷಯ. ಹತ್ತು ನಿಮಿಷ ಸಾಕಾಯಿತು.

ಎರಡನೇ ತುಂಡಿಗೆ ಬರುವಾಗ ಹೊರಗೆ ಮಳೆ ಶುರುವಾಯಿತು. ನಮ್ಮದು ಶೀಟಿನ ಮಾಡು. ದಯೆ ಅನ್ನುವುದು ಆಕಾಶದಿಂದ ಬೀಳುವ 'ಜೆಂಟಲ್ ರೇನ್' ಹಾಗೆ ಅಂತ ಪೋರ್ಷಿಯಾ ಆಗಿದ್ದ ಹುಡುಗಿ ಕಿರುಚಿ ಹೇಳಬೇಕಾಯಿತು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಶೈಲಾಕ್ ನಗಲಿಲ್ಲ. ಅದೇ ಹಿಂದಿನ ಬೆಂಚಿನವನು. ಅವನ ಅಪ್ಪ ಕೊನೆಗೌಡ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನು.

"ಎಲೈ ನ್ಯಾಯವಾದಿಯೇ" ಅಂತ ಶುರು ಮಾಡಿದ, ಥೇಟು ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಯ ಗತ್ತಿನಲ್ಲಿ. "ಮಳೆ 'ಟ್ವೈಸ್ ಬ್ಲೆಸ್ಟ್' ಅಂದೆಯಲ್ಲ, ಕೊಡುವವನಿಗೂ ಒಳ್ಳೇದು, ಪಡೆಯುವವನಿಗೂ ಒಳ್ಳೇದು ಅಂತ. ನೀನು ಅಡಿಕೆ ಮರ ಹತ್ತಿದ್ದೀಯಾ? ಮಳೆ ಹೊಳವಾಗದಿದ್ದರೆ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋಕಾಗೋದಿಲ್ಲ. ತೋಟದವನಿಗೆ ಕೊಳೆ, ಮರ ಹತ್ತುವವನಿಗೆ ಕೂಲಿ ಇಲ್ಲ. ಎರಡೂ ಕಡೆ ನಷ್ಟ. ಇಂಥ ದಯೆ ನನಗೆ ಬೇಡ."

ಡೆಸ್ಕಿನ ಮದ್ದಳೆ ನಿಂತಿತು. ನನಗೂ ಉತ್ತರ ಹೊಳೆಯಲಿಲ್ಲ. ಹುಡುಗಿ ಪುಸ್ತಕ ಎತ್ತಿಕೊಂಡು ಸಾಲಿನ ಮೇಲೆ ಬೆರಳಿಟ್ಟು ಹುಡುಕಿದಳು. ಆಮೇಲೆ ಅಂದಳು, "ಇಲ್ಲಿ 'ಜೆಂಟಲ್' ಅಂತ ಇದೆ. ನೀನು ಹೇಳಿದ್ದು ಆಷಾಢದ ಮಳೆ. ನಾನು ಹೇಳಿದ್ದು ಅದಲ್ಲ." ಶೈಲಾಕ್ ಬಿಡಲಿಲ್ಲ. "ಹಾಗಾದರೆ ಯಾವ ಮಳೆ ಅಂತ ಯಾರು ತೀರ್ಮಾನ ಮಾಡೋದು, ಆಕಾಶವಾ?" ಅಂದ. ಅಷ್ಟರಲ್ಲಿ ಬೆಲ್ ಹೊಡೆಯಿತು.

ಒಂದು ವಿಶೇಷಣಕ್ಕಾಗಿ ಮಕ್ಕಳು ತಾವಾಗಿ ಪುಸ್ತಕಕ್ಕೆ ಮರಳಿದ್ದನ್ನು ನಾನು ಅಲ್ಲಿವರೆಗೆ ನೋಡಿರಲಿಲ್ಲ. ಮೂರನೇ ದಿನ 'ಸೀಸನ್ಸ್' ಬಂತು. ದಯೆ ನ್ಯಾಯವನ್ನು 'ಸೀಸನ್' ಮಾಡುತ್ತದೆ ಅನ್ನುವ ಸಾಲು. ಮಳೆಗಾಲ ಬೇಸಿಗೆಕಾಲ ಅಂತ ಎಲ್ಲರೂ ತಡಕಾಡಿದರು. ಕೊನೆಗೆ ಡಿಕ್ಷನರಿ ನೋಡಿದ ಭಾಗವತಳು, "ಒಗ್ಗರಣೆ ಸರ್" ಅಂದಳು. ನಾನು ಹತ್ತು ವರ್ಷ ಬರೆಸಿದ ನೋಟ್ಸಿನಲ್ಲಿ ಇಷ್ಟು ಚೆಂದದ ಶಬ್ದ ಇರಲಿಲ್ಲ.

ಎಡವಿದ್ದೂ ಇದೆ. ಆಚೆ ಕ್ಲಾಸಿನಲ್ಲಿ ಗಣಿತ ನಡೆಯುತ್ತಿತ್ತು, ಡೆಸ್ಕಿನ ಸದ್ದಿಗೆ ದೂರು ಬಂತು. ಈಗ ಪಠ್ಯಪುಸ್ತಕದ ಮೇಲೆ ಎರಡು ಬೆರಳಲ್ಲಿ ಬಾರಿಸುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು ನನ್ನದೇ. ಶೈಲಾಕ್ ಯೆಹೂದಿ, ಬಡ್ಡಿಗೆ ಕೊಡುವವನು ಅಂತ ಕತೆ ಹೇಳಿದ್ದೆ. ಮೊದಲ ದಿನ ಕೆಲವರು ಅವನ ಜಾತಿ ಹಿಡಿದೇ ಗೇಲಿ ಮಾಡಿದರು. ಆಟ ನಿಲ್ಲಿಸಿ, ಪಠ್ಯದಲ್ಲಿಲ್ಲದ ಮೂರನೇ ಅಂಕದ ಅವನ ಮಾತು ಓದಿ ಹೇಳಿದೆ. ಯೆಹೂದಿಗೆ ಕಣ್ಣಿಲ್ಲವೇ, ಚುಚ್ಚಿದರೆ ನಮಗೂ ರಕ್ತ ಬರುವುದಿಲ್ಲವೇ ಅಂತ ಅವನು ಕೇಳುವ ಜಾಗ. ವಾಲಿಯ ನೆನಪು ಅವರಿಗೇ ಬಂತು. ಈಗ ಆ ಮಾತಿನಿಂದಲೇ ಶುರು ಮಾಡುತ್ತೇನೆ.

ಎಲ್ಲ ಪದ್ಯಕ್ಕೂ ಇದು ಒಗ್ಗುವುದಿಲ್ಲ. ಹಠ ಮಾಡಿ ರಸ್ಕಿನ್ ಬಾಂಡರ ಮರ ಹತ್ತುವ ಅಜ್ಜಿಯ ಪದ್ಯಕ್ಕೂ ಹಚ್ಚಿದೆ. ಎಲ್ಲರೂ ಅಜ್ಜಿಯ ಕಡೆಗೇ ಕೂತರು. ಎದುರು ಅರ್ಥ ಹೇಳಲು ಒಬ್ಬನೂ ಏಳಲಿಲ್ಲ. ಆ ಪೀರಿಯಡ್ ಹಾಳು.

ಕಿರುಪರೀಕ್ಷೆಯಲ್ಲಿ ದಯೆಯನ್ನು ಯಾವುದಕ್ಕೆ ಹೋಲಿಸಲಾಗಿದೆ ಅಂತ ಒಂದು ಅಂಕದ ಪ್ರಶ್ನೆ ಕೊಟ್ಟಿದ್ದೆ. ನಮ್ಮ ಶೈಲಾಕ್ 'ಜೆಂಟಲ್ ರೇನ್' ಅಂತ ಬರೆದು, 'ಜೆಂಟಲ್' ಕೆಳಗೆ ಎರಡು ಗೆರೆ ಎಳೆದಿದ್ದ. ಪಕ್ಕದಲ್ಲಿ ಇಂಗ್ಲಿಷಿನಲ್ಲೇ ಇನ್ನೊಂದು ಸಾಲು: 'ನಾಟ್ ಶಿರಸಿ ರೇನ್'.