ಮಿದುಳಿನ ಗಡ್ಡೆ: ಸುತ್ತ ಊತ ಯಾಕೆ, ನೀರುಚೀಲ ಯಾಕೆ? ಸ್ಕ್ಯಾನ್ ವರದಿ ನೋಡುವ ಕ್ರಮ

ಮುಧೋಳ, ಜಮಖಂಡಿ ಕಡೆ ಕಾಲುವೆಗೆ ಹತ್ತಿಕೊಂಡು ಹೊಲ ಇದ್ದವರಿಗೆ ಸವಳು-ಜವಳು ಹೇಳಿಕೊಡಬೇಕಿಲ್ಲ. ಕಾಲುವೆ ಸೋರುತ್ತದೆ, ಎರೆಭೂಮಿ ನೀರು ಹಿಡಿದು ಕೂಡುತ್ತದೆ, ಬಸಿದು ಹೋಗಲು ದಾರಿ ಇಲ್ಲದಿದ್ದರೆ ಮೊದಲು ನೆಲ ಜವುಗಾಗಿ, ಆಮೇಲೆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಎಂಆರ್‌ಐ ವರದಿಯಲ್ಲಿ ‘ಎಡಿಮಾ’ ಎಂದಿದ್ದರೆ ಆ ಜವುಗು. ಗಡ್ಡೆಯ ಪಕ್ಕದ ‘ಸಿಸ್ಟ್’ ಬಹಳಷ್ಟು ಸಲ ಆ ನಿಂತ ನೀರು.

ಮೊದಲು, ಸೋರಿಕೆ ಎಲ್ಲಿಯದು

ಮಿದುಳಿನ ರಕ್ತನಾಳದ ಒಳಗೋಡೆಯ ಕೋಶಗಳು ಸಂದು ಬಿಡದೆ ಹೊಲಿದಂತೆ ಕೂಡಿಕೊಂಡಿರುತ್ತವೆ. ರಕ್ತದ ಪ್ರೋಟೀನು ಹೊರಗೆ ಬೀಳುವುದಿಲ್ಲ. ಗಡ್ಡೆ ಬೇಗ ಬೆಳೆದಾಗ ಅದರ ಒಳಭಾಗಕ್ಕೆ ಆಮ್ಲಜನಕ ಸಾಲುವುದಿಲ್ಲ. ಆಗ ಕೋಶದಲ್ಲಿ ಎಚ್‌ಐಎಫ್ ಎಂಬ ಪ್ರೋಟೀನು ಒಡೆಯದೆ ಉಳಿದು, ವಿಇಜಿಎಫ್ ಎಂಬ ಬೆಳವಣಿಗೆ ಅಂಶವನ್ನು ಹೆಚ್ಚಿಸುತ್ತದೆ. ಅದರ ಕರೆಗೆ ಹೊಸ ರಕ್ತನಾಳಗಳು ಬರುತ್ತವೆ, ಆದರೆ ಅವಸರದ ಕೆಲಸ, ಸಂದುಗಳೆಲ್ಲ ಸಡಿಲ. 1983ರಲ್ಲಿ ವಿಇಜಿಎಫ್ ಅನ್ನು ಮೊದಲು ಗುರುತಿಸಿದವರು ‘ನಾಳ ಸೋರಿಸುವ ಅಂಶ’ ಎಂದೇ ಕರೆದಿದ್ದರು. ನಾಳ ಬೆಳೆಸುವ ಗುಣ ಹೇಳುವ ಈಗಿನ ಹೆಸರು ಬಂದದ್ದು 1989ರಲ್ಲಿ. ಊತದ ಮಟ್ಟಿಗೆ ಹಳೆಯ ಹೆಸರೇ ಒಳ್ಳೆಯದಿತ್ತು.

ಸ್ಕ್ಯಾನ್‌ನಲ್ಲಿ ಇದನ್ನು ಎರಡು ಬಗೆಯ ಚಿತ್ರದಲ್ಲಿ ನೋಡಬೇಕು. ಕಾಂಟ್ರಾಸ್ಟ್ (ಚಿತ್ರದಲ್ಲಿ ಹೊಳೆಯುವ ದ್ರವ) ಚುಚ್ಚಿದ ಮೇಲೆ ಬೆಳ್ಳಗೆ ಹೊಳೆಯುವ ಜಾಗ ಸೋರುವ ನಾಳಗಳದ್ದು. ‘ಫ್ಲೇರ್’ ಎಂಬ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಅದರ ಸುತ್ತ ಬೆರಳು ಚಾಚಿದಂತೆ ಬಿಳಿ ಹರಡಿದ್ದರೆ ಅದು ಊತ. ಮಿದುಳಿನ ಬಿಳಿಭಾಗದ ಎಳೆಗಳು ಸಡಿಲವಾಗಿರುವುದರಿಂದ ನೀರು ಆ ಜಾಡನ್ನೇ ಹಿಡಿಯುತ್ತದೆ. ಫ್ಲೇರ್‌ನ ಬಿಳಿಯೊಳಗೆ ಗಡ್ಡೆಯ ಕೋಶಗಳೂ ನುಸುಳಿರಬಹುದು, ಎಲ್ಲವನ್ನೂ ಬರೀ ನೀರೆಂದು ತಿಳಿಯಬೇಡಿ. ಗಡ್ಡೆಯ ಗಾತ್ರಕ್ಕೂ ಊತಕ್ಕೂ ಲೆಕ್ಕ ಕೂಡಲೇಬೇಕೆಂದಿಲ್ಲ.

ನಿಂತ ನೀರು

ಹಿಮಾಂಜಿಯೋಬ್ಲಾಸ್ಟೋಮಾ ಎಂಬ ಗಡ್ಡೆ ಹೆಚ್ಚಾಗಿ ಹಿಂದಲೆಯ ಕಿರುಮಿದುಳಿನಲ್ಲಿ ಬರುತ್ತದೆ. ಗಡ್ಡೆ ಕಡಲೆಕಾಳಿನಷ್ಟು, ಪಕ್ಕದ ನೀರುಚೀಲ ನಿಂಬೆಹಣ್ಣಿನಷ್ಟು ಇರುವುದುಂಟು. ವರ್ಷಗಟ್ಟಲೆ ತೆಗೆದ ಸ್ಕ್ಯಾನ್‌ಗಳನ್ನು ಜೋಡಿಸಿ ನೋಡಿದಾಗ ಮೊದಲು ಊತ, ಅದೇ ಜಾಗದಲ್ಲಿ ಆಮೇಲೆ ಸಿಸ್ಟ್. ಸಿರಿಂಜಿನಲ್ಲಿ ಎಳೆದ ದ್ರವ ಹಳದಿ ಬಣ್ಣದ್ದು. ಟ್ರೇಯಲ್ಲಿಟ್ಟರೆ ಕೆಲವೊಮ್ಮೆ ಲೋಳೆಯಂತೆ ಹೆಪ್ಪುಗಟ್ಟುತ್ತದೆ. ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಇದೆ, ಅಂದರೆ ರಕ್ತದಿಂದಲೇ ಸೋರಿ ಬಂದದ್ದು.

ಬರೀ ಸೂಜಿ ಹಾಕಿ ನೀರು ತೆಗೆದರೆ ಒತ್ತಡ ಇಳಿಯುತ್ತದೆ, ಜೀವವೂ ಉಳಿಯಬಹುದು. ಆದರೆ ಕಾಲುವೆ ಮುಚ್ಚದೆ ಹೊಂಡಕ್ಕೆ ಪಂಪ್ ಇಟ್ಟಂತೆ, ಮತ್ತೆ ತುಂಬುತ್ತದೆ. ತೆಗೆಯಬೇಕಾದದ್ದು ಆ ಕಾಳಿನಷ್ಟು ಗಡ್ಡೆ. ಸಿಸ್ಟ್‌ನ ಗೋಡೆ ಹೊಳೆಯದಿದ್ದರೆ ಅದನ್ನು ಹಾಗೇ ಬಿಡುತ್ತಾರೆ. ಗೋಡೆಯೂ ಕಾಂಟ್ರಾಸ್ಟ್ ಹಿಡಿದಿದ್ದರೆ ಅದು ಗಡ್ಡೆಯದೇ ಭಾಗವಾಗಿರಬಹುದು, ಅಲ್ಲಿ ಲೆಕ್ಕ ಬೇರೆ. ಈ ಗಡ್ಡೆ ಕೆಲವರಲ್ಲಿ ವಿಎಚ್‌ಎಲ್ ಎಂಬ ಜೀನ್ ಕೆಟ್ಟು ಬರುತ್ತದೆ. ಎಚ್‌ಐಎಫ್ ಒಡೆಯುವ ಕೆಲಸ ಆ ಜೀನಿನದು. ಅದಿಲ್ಲದಿದ್ದರೆ ಆಮ್ಲಜನಕ ಸಾಕಷ್ಟಿದ್ದರೂ ಕೋಶ ಇಲ್ಲವೆಂದೇ ನಡೆದುಕೊಳ್ಳುತ್ತದೆ. ಇಂಥ ರೋಗಿಗೆ ಕಣ್ಣಿನ ಹಿಂಪರದೆ, ಮೂತ್ರಪಿಂಡ ಎರಡನ್ನೂ ನೋಡಿಸಬೇಕು. ಆ ಕೆಟ್ಟ ಜೀನ್ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಮನೆಯಲ್ಲಿ ಡೆಕ್ಸಾಮೆಥಾಸೋನ್

ಹೆಚ್ಚು ತಪ್ಪಾಗುವುದು ಇಲ್ಲೇ. ಊತ ಇಳಿಸಲು ಕೊಡುವ ಈ ಸ್ಟಿರಾಯ್ಡ್ ಗುಳಿಗೆ ವಿಇಜಿಎಫ್ ತಗ್ಗಿಸಿ ನಾಳದ ಸಂದು ಬಿಗಿ ಮಾಡುತ್ತದೆ. 1ರಿಂದ 3 ದಿನದಲ್ಲಿ ತಲೆನೋವು, ಕೈಕಾಲಿನ ಬಲಹೀನತೆ ಇಳಿಮುಖವಾಗುತ್ತದೆ. ಸಾಮಾನ್ಯವಾಗಿ ದಿನಕ್ಕೆ 4ರಿಂದ 8 ಮಿ.ಗ್ರಾಂ, ಒತ್ತಡ ಜೋರಾಗಿದ್ದರೆ 16 ಮಿ.ಗ್ರಾಂ. ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಮೆಡಿಕಲ್ ಅಂಗಡಿಯಲ್ಲಿ 0.5 ಮಿ.ಗ್ರಾಂ ಗುಳಿಗೆಯೂ ಇದೆ, 4 ಮಿ.ಗ್ರಾಂ ಗುಳಿಗೆಯೂ ಇದೆ. ‘ಒಂದು ಗುಳಿಗೆ’ ಎಂದಷ್ಟೇ ನೆನಪಿಟ್ಟರೆ ಎಂಟು ಪಟ್ಟು ಹೆಚ್ಚುಕಮ್ಮಿ. ಸ್ಟ್ರಿಪ್ ತಿರುಗಿಸಿ ಅಂಕಿ ಓದಿ. ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಮೊದಲನೆಯದು. ಎರಡನೆಯದಿದ್ದರೆ ಮಧ್ಯಾಹ್ನದ ಊಟದ ಜೊತೆ. ರಾತ್ರಿ ತೆಗೆದುಕೊಂಡರೆ ನಿದ್ದೆ ಹೋಗುತ್ತದೆ. ಸಕ್ಕರೆಯನ್ನು ಖಾಲಿಹೊಟ್ಟೆಯಲ್ಲಷ್ಟೇ ನೋಡಿ ಸಮಾಧಾನಪಡಬೇಡಿ, ಈ ಔಷಧಿಯಲ್ಲಿ ಅದು ಏರುವುದು ಮಧ್ಯಾಹ್ನದಿಂದ ಸಂಜೆಗೆ. ಮೊಣಕಾಲು ನೋವಿಗೆಂದು ಡೈಕ್ಲೋಫೆನಾಕ್ ಸೇರಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು. ಫಿಟ್ಸ್‌ಗೆ ಫೆನಿಟೊಯಿನ್ ನುಂಗುತ್ತಿದ್ದರೆ ಹೇಳಲು ಮರೆಯಬೇಡಿ. ಅದು ಡೆಕ್ಸಾಮೆಥಾಸೋನನ್ನು ಬೇಗ ಒಡೆದುಬಿಡುತ್ತದೆ.

ಕೆಲವು ವಾರದ ಮೇಲೆ, ನೆಲದಲ್ಲಿ ಉಣ್ಣಲು ಕೂತವರಿಗೆ ಕೈ ಊರದೆ ಏಳಲು ಆಗದಿದ್ದರೆ ‘ಗಡ್ಡೆ ಬೆಳೆಯಿತು’ ಎಂದು ಮನೆಯವರು ಗುಳಿಗೆ ಹೆಚ್ಚಿಸುವುದುಂಟು. ಎರಡೂ ತೊಡೆ ಸಮನಾಗಿ ಸೋತಿದ್ದರೆ ಬಹುಶಃ ಗುಳಿಗೆಯೇ ಕಾರಣ, ಹೆಚ್ಚಿಸಿದರೆ ಇನ್ನಷ್ಟು ಸೋಲುತ್ತವೆ. ಹಾಗೆಂದು ಒಮ್ಮೆಲೇ ನಿಲ್ಲಿಸಲೂಬಾರದು: ಊತ ಮರಳುತ್ತದೆ, ಜೊತೆಗೆ ದೇಹದ ಸ್ವಂತ ಸ್ಟಿರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಲಗಿರುವುದರಿಂದ ವಾಂತಿ, ಬಿಪಿ ಕುಸಿತ. ಇಳಿಸುವ ಪಟ್ಟಿಯನ್ನು ವೈದ್ಯರಿಂದ ಬರೆಸಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕಿನ ಮೇಲೆಯೇ ಗುರುತು ಹಾಕಿ. ಲಿಂಫೋಮಾ (ಬಿಳಿ ರಕ್ತಕಣದ ಒಂದು ಬಗೆಯ ಕ್ಯಾನ್ಸರ್) ಅನುಮಾನವಿದ್ದರೆ, ತುರ್ತು ಇಲ್ಲದಿದ್ದಲ್ಲಿ ಬಯಾಪ್ಸಿಗೆ (ತುಣುಕು ತೆಗೆದು ಪರೀಕ್ಷಿಸುವುದಕ್ಕೆ) ಮೊದಲು ಈ ಗುಳಿಗೆ ಬೇಡ; ಗಡ್ಡೆ ಕರಗಿ ತುಣುಕಿನಲ್ಲಿ ಏನೂ ಸಿಗದೆ ಹೋಗಬಹುದು.

ಹೆಚ್ಚುತ್ತಲೇ ಹೋಗುವ ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ನಿಲ್ಲದ ವಾಂತಿ ಕಂಡರೆ ಗುಳಿಗೆಗೆ ಕಾಯುವ ಮಾತಿಲ್ಲ. ತಲೆಯನ್ನು 30 ಡಿಗ್ರಿ ಎತ್ತರಿಸಿ, ಆಸ್ಪತ್ರೆಗೆ ಹೊರಡಿ.

ವಿಇಜಿಎಫ್ ಹಿಡಿದು ಕಟ್ಟುವ ಔಷಧಿ

ಬೆವಾಸಿಜುಮಾಬ್ ನೇರ ವಿಇಜಿಎಫ್‌ಗೆ ಅಂಟುತ್ತದೆ. ಮರಳಿ ಬಂದ ಗ್ಲಿಯೋಬ್ಲಾಸ್ಟೋಮಾದಲ್ಲಿ (ಬೇಗ ಬೆಳೆಯುವ ಮಿದುಳಿನ ಕ್ಯಾನ್ಸರ್ ಗಡ್ಡೆ) ಕೊಡುವ ಪ್ರಮಾಣ ದೇಹತೂಕದ ಕೆ.ಜಿ.ಗೆ 10 ಮಿ.ಗ್ರಾಂ, 2 ವಾರಕ್ಕೊಮ್ಮೆ ನಾಳದ ಮೂಲಕ. ಗಾಯ ಮಾಯುವುದು ತಡವಾಗುತ್ತದಾದ್ದರಿಂದ ಶಸ್ತ್ರಚಿಕಿತ್ಸೆಯಾಗಿ ಕನಿಷ್ಠ 28 ದಿನ ಕಳೆದಿರಬೇಕು. ಬಿಪಿ ಏರುವುದು, ರಕ್ತ ಹೆಪ್ಪುಗಟ್ಟುವುದು ಇದರ ಕಾಟ. ಊತ ಇಳಿದು ಸ್ಟಿರಾಯ್ಡ್ ಕಡಿಮೆಯಾಗುವುದು ನಿಜವಾದ ಲಾಭ. ಹೊಸದಾಗಿ ಪತ್ತೆಯಾದ ಗ್ಲಿಯೋಬ್ಲಾಸ್ಟೋಮಾದಲ್ಲಿ ಇದು ಆಯಸ್ಸು ಹೆಚ್ಚಿಸಲಿಲ್ಲವೆಂದು 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು.

ಮುಂದಿನ ಸ್ಕ್ಯಾನಿಗೆ ಬೆಳಗಾವಿಗೋ ವಿಜಯಪುರಕ್ಕೋ ಹೋಗುವಾಗ ಹಳೆಯ ಫಿಲ್ಮು, ಸಿಡಿ ಎರಡೂ ಚೀಲದಲ್ಲಿರಲಿ. ಬೆವಾಸಿಜುಮಾಬ್ ಕೊಟ್ಟ ಮೇಲೆ ಕಾಂಟ್ರಾಸ್ಟಿನ ಹೊಳಪು ಕೆಲವೇ ದಿನದಲ್ಲಿ ಮಾಸುತ್ತದೆ. ಗಡ್ಡೆ ಸತ್ತಿತೆಂದಲ್ಲ, ಸೋರುವುದು ನಿಂತಿತೆಂದು. ಹಿಂದಿನ ಫ್ಲೇರ್ ಚಿತ್ರದ ಪಕ್ಕ ಹೊಸದನ್ನು ಇಟ್ಟು ತೋರಿಸಿರೆಂದು ಕೇಳಿ.