ಗಾಳಿಬೀಡಿನ ಮಳೆಯಲ್ಲಿ ನಮ್ಮ ಹಿತ್ತಿಲು

ಹಿತ್ತಿಲು ಮಾಡಬೇಕೆಂದು ಬರುವವರು ಮೊದಲು ಕೇಳುವುದು ಯಾವ ಬೀಜ ಹಾಕಬೇಕು ಎಂದು. ನಾನು ಅವರನ್ನು ಚರಂಡಿಯ ಬಳಿಗೆ ಕರೆದೊಯ್ಯುತ್ತೇನೆ. ಮಡಿಕೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆಯ ಲೆಕ್ಕಾಚಾರ ಮಡಿಕೇರಿ ಪಕ್ಕದ ನಮ್ಮೂರು ಗಾಳಿಬೀಡಿಗೆ ಹೊಂದುವುದಿಲ್ಲ.

ಹಾಗಾಗಿ ನಾವು ಮೊದಲು ನೀರಿಗೆ ದಾರಿ ಮಾಡಿದೆವು. ಮನೆಯ ಹಿಂದಿನ ಇಳಿಜಾರಿಗೆ ಅಡ್ಡಲಾಗಿ ಚರಂಡಿ ತೆಗೆದು, ಮೇಲಿನ ಕಾಫಿ ತೋಟದಿಂದ ಇಳಿಯುವ ನೀರನ್ನು ಪಕ್ಕದ ತೋಡಿಗೆ ತಿರುಗಿಸಿದೆವು. ಅದರ ಕೆಳಗೆ ಏರುಮಡಿಗಳು. ಎರಡೂ ಕಡೆಯಿಂದ ನಡುವಿನವರೆಗೆ ಕೈ ಎಟುಕಬೇಕು, ಅಷ್ಟೇ ಅಗಲ. ಮಡಿಯ ಮೇಲೆ ಯಾರೂ ಕಾಲಿಡುವಂತಿಲ್ಲ, ಮಕ್ಕಳೂ ಸಹ. ಒದ್ದೆ ಮಣ್ಣನ್ನು ತುಳಿದರೆ ಗಟ್ಟಿಯಾಗಿ ಬೇರಿಗೆ ಗಾಳಿಯಾಡುವುದಿಲ್ಲ.

ಇಷ್ಟು ಮಳೆ ಬೀಳುವಲ್ಲಿ ಸುಣ್ಣದ ಅಂಶ ಕೊಚ್ಚಿಹೋಗಿ ಮಣ್ಣು ಹುಳಿಯಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ವರದಿ ಹೇಳಿದಷ್ಟೇ ಕೃಷಿ ಸುಣ್ಣವನ್ನು ಮಳೆಗಾಲ ಮುಗಿದ ಮೇಲೆ ಬೆರೆಸುತ್ತೇವೆ. ಕೊಟ್ಟಿಗೆ ಗೊಬ್ಬರಕ್ಕೆ ಇನ್ನೆರಡು ಮೂರು ವಾರ ಕಾಯಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ.

ಮೇ ಮುಗಿಯುವುದರೊಳಗೆ ಬರಿಯ ಮಣ್ಣು ಎಲ್ಲಿಯೂ ಕಾಣಬಾರದು. ಮರಗಸಿಯಲ್ಲಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವಾಗ, ಸಿಕ್ಕ ಹಾಲುವಾಣ ಮರದ ಸೊಪ್ಪು, ತೋಟದ ತರಗೆಲೆ ಎಲ್ಲವನ್ನೂ ಮಡಿಗಳ ಮೇಲೆ ದಪ್ಪನಾಗಿ ಹರಡುತ್ತೇವೆ. ಇದರ ಬೆಲೆ ತಿಳಿಯಬೇಕಾದರೆ ಜೂನ್ ತಿಂಗಳ ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಬೇಕು: ಹೊದಿಕೆ ಇರುವ ಮಡಿಯಿಂದ ನೀರು ತಿಳಿಯಾಗಿ ಬಸಿಯುತ್ತದೆ, ಪಕ್ಕದ ಬೋಳು ದಾರಿಯಲ್ಲಿ ಕೆಂಪಗೆ ಹರಿಯುತ್ತದೆ. ಆ ಕೆಂಪು ನಮ್ಮ ಗೊಬ್ಬರ, ನಮ್ಮ ದುಡಿಮೆ.

ಟೊಮೆಟೊ, ಬದನೆ, ಅಲಸಂಡೆ ಇವೆಲ್ಲ ಅಕ್ಟೋಬರ್ ನಂತರದವು. ಮಳೆಗಾಲದಲ್ಲಿ ಬಯಲಲ್ಲಿ ಟೊಮೆಟೊ ಬೆಳೆಯುವ ಹಟ ನಮಗಿಲ್ಲ, ಅಂಗಮಾರಿ ರೋಗ ಗಿಡ ಉಳಿಸುವುದಿಲ್ಲ. ಆಗ ಕೈ ಹಿಡಿಯುವುದು ಕೆಸು, ಕಣಿಲೆ (ಎಳೆ ಬಿದಿರಿನ ಮೊಳಕೆ), ಮದ್ದು ಸೊಪ್ಪು. ಕಣಿಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಮೂರು ದಿನ ನೆನೆಸಿಯೇ ಬೇಯಿಸಬೇಕು, ಹಸಿಯದರಲ್ಲಿ ವಿಷದ ಅಂಶವಿದೆ. ಮದ್ದು ಸೊಪ್ಪಿನ ತುಂಡು ಕಾಂಡವನ್ನು ಬೇಲಿಯ ನೆರಳಿನ ತೇವದಲ್ಲಿ ಚುಚ್ಚಿದರೆ ಸಾಕು, ಚಿಗುರುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಸೊಪ್ಪು ಬೇಯಿಸಿದ ನೀರು ಕಡು ನೇರಳೆಯಾಗಿ ಅದರಲ್ಲಿ ಪಾಯಸವಾಗುತ್ತದೆ. ಅಂಗಡಿಗೆ ಹೋಗದೆ ಮಳೆಗಾಲ ಕಳೆಯುವುದನ್ನು ನಮ್ಮ ಅಜ್ಜಿಯರು ಚೆನ್ನಾಗಿ ಬಲ್ಲವರಾಗಿದ್ದರು. ಹೊಸದಾಗಿ ತೊಡಗುವವರು ಅವರಂಥವರ ಬಳಿ ಮೊದಲು ಕುಳಿತುಕೊಳ್ಳಲಿ.

ಕೋಳಿಗಳದು ಸುಲಭ: ನೆಲದಿಂದ ಎತ್ತರಿಸಿದ ಗೂಡು, ಒಣ ಹೊಟ್ಟು, ಮರಿಗಳಿಗೆ ತಪ್ಪದೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ. ಹೊಟ್ಟು ಒದ್ದೆಯಾದ ದಿನವೇ ಬದಲಿಸಬೇಕು.

ಜೇನಿಗೆ ಮಾತ್ರ ಹೆಚ್ಚು ಗಮನ ಬೇಕು. ನಾವು ಸಾಕುವುದು ತುಡುವೆ, ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್‌ನಿಂದ ದಕ್ಷಿಣ ಭಾರತದಲ್ಲಿ ತುಡುವೆ ಕುಟುಂಬಗಳು ಭಾರಿ ಸಂಖ್ಯೆಯಲ್ಲಿ ನಾಶವಾದವು. ಆದ್ದರಿಂದ ಹೊಸ ಕುಟುಂಬ ತರುವ ಮುನ್ನ ಎರಿಗಳನ್ನು (ಮೇಣದ ಹಲ್ಲೆಗಳನ್ನು) ಬಿಡಿಸಿ ನೋಡುತ್ತೇನೆ, ಕೋಶದಲ್ಲಿ ಮರಿಹುಳು ನೀರು ತುಂಬಿದ ಚೀಲದಂತೆ ಊದಿದ್ದರೆ ಬೇಡವೇ ಬೇಡ. ಮಳೆಗಾಲದಲ್ಲಿ ಹೊರಗೆ ಹೂವಿಲ್ಲ, ಜೇನು ಹಾರುವಂತೆಯೂ ಇಲ್ಲ, ಆಗ ಸಂಜೆ ಸಕ್ಕರೆ ಪಾಕ ಇಡುತ್ತೇವೆ. ಮಾರ್ಚ್ ತಿಂಗಳ ಹೂಮಳೆಗೆ ಕಾಫಿ ಅರಳುವಾಗ ಕುಟುಂಬ ಬಲವಾಗಿರಬೇಕಾದರೆ ಜುಲೈಯಲ್ಲಿ ಅದನ್ನು ಉಪವಾಸ ಕೆಡವಬಾರದು. ಜೇನುತುಪ್ಪ ತೆಗೆಯುವುದು ಮೇಲಿನ ಜೇನುಕೋಣೆಯಿಂದ ಮಾತ್ರ. ಕೆಳಗಿನ ಸಂಸಾರ ಕೋಣೆಯಲ್ಲಿರುವುದು ಅವುಗಳ ಮಳೆಗಾಲದ ಊಟ.